ರಾಮನ್ನರು ಆಲಿಸಿದ ನಾದ

ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಎಷ್ಟು ಬಾರಿ ಓಡಾಡಿದ್ದೇನೆಂಬುದಕ್ಕೆ ನಾನು ಲೆಕ್ಕವಿಟ್ಟಿಲ್ಲ. ಭೌತಶಾಸ್ತ್ರವನ್ನು ಪಾಠ ಹೇಳಿ ಬದುಕಿದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ, ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳ ಗುಂಪನ್ನು ಕಟ್ಟಿಕೊಂಡು ಆ ಕಡೆಗೆ ಹೋಗುವುದು ನನ್ನ ರೂಢಿಯಾಗಿತ್ತು. ಬೆಳಿಗ್ಗೆ ಹೊಯ್ಸಳೇಶ್ವರ, ಬಳಿಕ ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬಗಳು, ಮಧ್ಯಾಹ್ನ ಬುತ್ತಿ ಬಿಚ್ಚಿ ಊಟ, ಹೊತ್ತು ಇಳಿಯುವುದರೊಳಗೆ ಹದಿನಾರು ಕಿಲೋಮೀಟರಾಚೆಯ ಬೇಲೂರು. ಇತಿಹಾಸದ ಅಧ್ಯಾಪಕರು ಜೊತೆಗಿದ್ದರೆ ವಿಷ್ಣುವರ್ಧನ, 1117ನೆಯ ಇಸವಿ, ಶಾಸನ ಎಂದು ಅವರು ತಮ್ಮ ಧರ್ಮವನ್ನು ನಡೆಸುವರು. ನನ್ನ ಕಣ್ಣು ಮಾತ್ರ ಗೋಡೆಯ ಮೇಲೆ ಮದ್ದಲೆ ಬಾರಿಸುತ್ತ ನಿಂತ ಕಲ್ಲಿನ ವಾದಕರನ್ನು ಅರಸುತ್ತಿತ್ತು. ಶಿಲ್ಪದ ಸೂಕ್ಷ್ಮ ನನಗೆ ತಿಳಿಯದು. ಆ ಮದ್ದಲೆಯ ನೆಪದಲ್ಲಿ ಹುಡುಗರಿಗೆ ಸರ್ ಸಿ. ವಿ. ರಾಮನ್ನರ ಕಥೆಯನ್ನು ಹೇಳಬಹುದಲ್ಲ ಎಂಬುದೇ ನನ್ನ ಆಸೆ.

ಆ ಕಥೆಯನ್ನು ನಾನು ಬಹುಕಾಲ ಅರ್ಧ ಮಾತ್ರ ಹೇಳುತ್ತಿದ್ದೆ. ಒಂದು ವರ್ಷ, ಹಳೇಬೀಡಿನ ಆ ಗೋಡೆಯ ಬಳಿಯಲ್ಲಿಯೇ, ಮಾತು ಕಡಿಮೆಯ ಹುಡುಗನೊಬ್ಬನು, ಸ್ಫಟಿಕಗಳ ವಿಷಯದಲ್ಲಿ ಮ್ಯಾಕ್ಸ್ ಬಾರ್ನರಿಗೂ ರಾಮನ್ನರಿಗೂ ನಡೆದ ವಾದದಲ್ಲಿ ಸೋತವರು ಯಾರೆಂದು ಕೇಳಿಬಿಟ್ಟನು. ಎಲ್ಲಿಯೋ ಓದಿಕೊಂಡಿದ್ದನು. ಉತ್ತರ ನನಗೆ ಗೊತ್ತಿತ್ತು. ಆದರೆ ಅಷ್ಟು ಮಂದಿ ಮಕ್ಕಳ ಎದುರಿನಲ್ಲಿ, ನಮ್ಮ ದೇಶಕ್ಕೆ ವಿಜ್ಞಾನದ ನೊಬೆಲ್ ತಂದವರು ತಪ್ಪಿದರೆಂದು ಹೇಳಲು ನಾಲಗೆ ಏಳಲಿಲ್ಲ. ದೊಡ್ಡವರ ಹುಳುಕು ಹುಡುಕುವ ಚಟ ಈ ವಯಸ್ಸಿಗೇ ಬೇಡವೆಂದು ಗದರಿ, ಉಳಿದವರು ನಗುವಂತೆ ಮಾಡಿದೆ. ಹುಡುಗನು ತಲೆ ತಗ್ಗಿಸಿದನು. ಅಂದು ಬೇಲೂರಿನಲ್ಲಿ ಅವನು ಮದನಿಕೆಯರನ್ನು ನೋಡಿದನೋ ಇಲ್ಲವೋ ನಾನರಿಯೆ.

ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಅದಕ್ಕಾಗಿ ರಾಮನ್ನರ ಬಾಳಿನ ಮೊದಲಿನಿಂದಲೇ ಹೊರಡಬೇಕು.

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿಸುತ್ತಿದ್ದವರು; ಪಿಟೀಲು ನುಡಿಸಬಲ್ಲವರು. ಮನೆಯಲ್ಲಿ ಪುಸ್ತಕವೂ ತಂತಿಯೂ ಜೊತೆಜೊತೆಯಾಗಿ ಇದ್ದುವು. ಹುಡುಗನು ಅಕಾಲದಲ್ಲಿ ಬಲಿತ ಬುದ್ಧಿಯವನು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ 1904ರಲ್ಲಿ ಬಿ.ಎ. ಮುಗಿಸಿದಾಗ ಹದಿನಾರು ತುಂಬಿರಲಿಲ್ಲವೋ ಏನೋ ಎಂಬಂತಿದ್ದನು. ಹದಿನೆಂಟರ ವಯಸ್ಸಿನಲ್ಲಿ, 1906ರಲ್ಲಿ, ಅವನ ಮೊದಲ ಲೇಖನವು ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನಿನಲ್ಲಿ ಅಚ್ಚಾಯಿತು. 1907ರಲ್ಲಿ ಎಂ.ಎ.; ಅದೇ ವರ್ಷ ವೀಣೆ ಬಲ್ಲ ಲೋಕಸುಂದರಿ ಅಮ್ಮಾಳರೊಡನೆ ಮದುವೆ; ಅದೇ ವರ್ಷ ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರ. ವಿಜ್ಞಾನವನ್ನು ನೆಚ್ಚಿ ಬದುಕುವ ದಾರಿ ಆ ಕಾಲದ ಭಾರತೀಯನಿಗೆ ಇರಲಿಲ್ಲ.

ಕಲ್ಕತ್ತೆಯ ಬೌಬಜಾರ್ ಬೀದಿಯ 210ನೆಯ ನಂಬರಿನ ಕಟ್ಟಡದಲ್ಲಿ ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಕಟ್ಟಿದ್ದ ವಿಜ್ಞಾನ ಮಂದಿರವು ಹೆಚ್ಚು ಕಡಿಮೆ ಬಾಗಿಲು ಹಾಕಿಕೊಂಡು ಕುಳಿತಿತ್ತು. ಯುವಕ ಲೆಕ್ಕಾಧಿಕಾರಿಯು ಕಚೇರಿಗೆ ಮೊದಲು ಒಂದು ಸಲ, ಕಚೇರಿ ಮುಗಿದ ಬಳಿಕ ಮತ್ತೊಂದು ಸಲ, ಹೀಗೆ ದಿನಕ್ಕೆ ಎರಡು ಬಾರಿ ಆ ಬಾಗಿಲನ್ನು ತೆರೆಯಿಸಿದನು. ರಂಗೂನಿಗೂ ನಾಗಪುರಕ್ಕೂ ವರ್ಗವಾಗಿ ಹೋಗಿ ಬಂದ ಕಾಲವನ್ನು ಬಿಟ್ಟರೆ, ಹತ್ತು ವರ್ಷ ನಡೆದದ್ದು ಇದೇ ದಿನಚರಿ. 1917ರಲ್ಲಿ ಆಶುತೋಷ ಮುಖರ್ಜಿಯವರು ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಪಾಲಿತ್ ಪ್ರಾಧ್ಯಾಪಕ ಪದವಿಗೆ ಕರೆದಾಗ, ಸರ್ಕಾರದ ದೊಡ್ಡ ಸಂಬಳವನ್ನು ಬಿಟ್ಟು, ಅದರ ಅರ್ಧಕ್ಕಿಂತಲೂ ಕಡಿಮೆಗೆ ರಾಮನ್ನರು ಒಪ್ಪಿಕೊಂಡರು.

ಬೌಬಜಾರಿನ ಆ ವರ್ಷಗಳಲ್ಲಿ ಅವರು ಅಭ್ಯಸಿಸಿದ್ದು ಮುಖ್ಯವಾಗಿ ನಾದವನ್ನು. ಪಿಟೀಲಿನ ತಂತಿ ಕಮಾನಿನ ಕೆಳಗೆ ಹೇಗೆ ಕಂಪಿಸುತ್ತದೆಂಬುದನ್ನು ಕುರಿತು 1918ರಲ್ಲಿ ಒಂದು ಗ್ರಂಥವನ್ನೇ ಬರೆದರು. ವೀಣೆ ತಂಬೂರಿಗಳ ಕುದುರೆಯ ಆಕಾರದಿಂದ ತಂತಿಗೆ ಬರುವ ವಿಶೇಷ ಜೀವವನ್ನು ಪರೀಕ್ಷಿಸಿದರು. ಆದರೆ ನನ್ನ ಮನಸ್ಸು ನಿಲ್ಲುವುದು 1920ರಲ್ಲಿ ಶಿವಕಾಲಿ ಕುಮಾರರೊಡನೆ ಅವರು ಪ್ರಕಟಿಸಿದ ಪುಟ್ಟ ಬರಹದಲ್ಲಿ. ಅದು ನಮ್ಮ ಮೃದಂಗ ತಬಲಗಳನ್ನು ಕುರಿತದ್ದು.

ವಾಚಕರು ಇಲ್ಲಿ ಸ್ವಲ್ಪ ತಾಳ್ಮೆ ವಹಿಸಬೇಕು. ತಂತಿಯನ್ನು ಮೀಟಿದರೆ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಉಪಸ್ವರಗಳೂ ಏಳುತ್ತವೆ. ಒಂದಕ್ಕೊಂದು ಹೊಂದುವುದರಿಂದ ಕಿವಿಗೆ ಇಂಪು. ಬಿಗಿದ ಚರ್ಮದ ಗತಿ ಹಾಗಲ್ಲ. ಸಮನಾದ ಚರ್ಮವನ್ನು ಬಡಿದರೆ ಎರಡನೆಯ ಸ್ವರವು ಮೊದಲಿನದರ 1.59ರಷ್ಟು, ಮೂರನೆಯದು 2.14ರಷ್ಟು, ಹೀಗೆ ಯಾವ ಮೇಳಕ್ಕೂ ಸೇರದ ಅಂಕಿಗಳು ಬರುತ್ತವೆ. ಆದಕಾರಣ ತಮಟೆ ನಗಾರಿಗಳದು ಸದ್ದು, ಸ್ವರವಲ್ಲ. ಮೃದಂಗದ ಬಲಮುಖಕ್ಕೆ ಕರಣೆಯೆಂಬ ಕಪ್ಪು ಲೇಪವನ್ನು ಪದರಪದರವಾಗಿ, ನಡುವೆ ದಪ್ಪನಾಗಿ, ಅಂಚಿಗೆ ತೆಳ್ಳಗಾಗಿ ತೀಡಿ ಕೂಡಿಸುತ್ತಾರೆ. ಈ ಭಾರದಿಂದ ಚರ್ಮದ ಕಂಪನಗಳೆಲ್ಲ ತಮ್ಮ ಸ್ಥಾನವನ್ನು ಬದಲಿಸುತ್ತವೆ. ಚರ್ಮದ ಮೇಲೆ ನಯವಾದ ಮರಳನ್ನು ಚೆಲ್ಲಿ, ಬೇರೆಬೇರೆ ಕಡೆಗಳಲ್ಲಿ ಬೆರಳು ಮುಟ್ಟಿಸಿ ಬಾರಿಸಿ, ಮರಳು ಕೂಡಿ ನಿಲ್ಲುವ ಗೆರೆಗಳನ್ನು ನೋಡಿ, ರಾಮನ್ನರು ತೋರಿಸಿದ್ದು ಇದು: ಚರ್ಮದ ಮೊದಲ ಒಂಬತ್ತು ಬಗೆಯ ಕಂಪನಗಳು ಗುಂಪುಗೂಡಿ ಐದೇ ಸ್ವರಗಳಾಗುತ್ತವೆ, ಆ ಐದೂ ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಸರಳ ಲೆಕ್ಕಕ್ಕೆ ಬರುತ್ತವೆ. ಹೆಸರು ಉಳಿಯದ ಯಾವನೋ ಮದ್ದಲೆಗಾರನು ಕಿವಿಯಿಂದ ಬಿಡಿಸಿದ್ದ ಗಣಿತವನ್ನು ರಾಮನ್ನರು ಮರಳಿನಲ್ಲಿ ಓದಿದರು.

ಚರ್ಮದ ಯಾವ ಒಂದು ಚುಕ್ಕೆಯೂ ತಾನಾಗಿ ಸ್ವರವನ್ನು ಹೊರಡಿಸಲಾರದು. ಸ್ವರವೆಂಬುದು ಇಡೀ ಚರ್ಮದ ಸೊತ್ತು. ಅಸಂಖ್ಯ ಬಿಡಿಗಳು ಒಟ್ಟಾಗಿ ಹೂಡುವ ಇಂಥ ಆಟಕ್ಕೆ ಸಮಷ್ಟಿ ಸ್ಪಂದನವೆಂದು ಹೆಸರಿಡೋಣ. ರಾಮನ್ನರ ಬಾಳಿನುದ್ದಕ್ಕೂ ಎಳೆಯಾಗಿ ಬರುವುದು ಇದೇ.

1921ರಲ್ಲಿ ಇಂಗ್ಲೆಂಡಿನಿಂದ ಹಿಂತಿರುಗುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು, ಅದು ಆಕಾಶದ ಪ್ರತಿಬಿಂಬವೆಂಬ ರ್‍ಯಾಲೆಯವರ ಮಾತನ್ನು ಹಡಗಿನ ಮೇಲೆಯೇ ಪರೀಕ್ಷಿಸಿ ತಳ್ಳಿಹಾಕಿದ ಕಥೆ ಶಾಲೆಯ ಪುಸ್ತಕಗಳಲ್ಲೆಲ್ಲ ಇದೆ. ಅಲ್ಲಿಂದ ಏಳು ವರ್ಷ ಬೆಳಕಿನ ಚೆದರಿಕೆಯ ಹಿಂದೆ ಬಿದ್ದು, ಕೆ. ಎಸ್. ಕೃಷ್ಣನ್ನರ ಜೊತೆಯಲ್ಲಿ 1928ರ ಫೆಬ್ರವರಿ 28ರಂದು ಕಂಡುಕೊಂಡದ್ದೇ ರಾಮನ್ ಪರಿಣಾಮ. ಬೆಳಕು ದ್ರವ್ಯದ ಮೇಲೆ ಬಿದ್ದು ಚೆದರುವಾಗ ಅಲ್ಲಿಯ ಕಂಪನಕ್ಕೆ ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ಕೊಟ್ಟು, ಅಥವಾ ಅದರಿಂದ ಒಂದಿಷ್ಟನ್ನು ಪಡೆದು, ಬಣ್ಣ ಬದಲಿಸಿ ಹೊರಡುತ್ತದೆ. ಎಷ್ಟು ಬದಲಿತೆಂದು ಅಳೆದರೆ ಒಳಗಿನ ಕಂಪನದ ಸ್ವರ ಎಷ್ಟೆಂದು ತಿಳಿಯುತ್ತದೆ. ಮರಳಿನ ಬದಲು ಬೆಳಕನ್ನು ಚೆಲ್ಲಿ ಅಣುಗಳ ಮದ್ದಲೆಯನ್ನು ಓದಿದ ಹಾಗೆ. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬವರು ಬೆಣಚುಕಲ್ಲಿನ ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರು. ಕನ್ನಡಿಗರು ನೆನೆಯಬೇಕಾದ ಒಂದು ಸಂಗತಿಯೆಂದರೆ, ರಾಮನ್ನರು ಈ ಹೊಸ ವಿಕಿರಣವನ್ನು ಕುರಿತು ಮಾರ್ಚ್ 16ರಂದು ವಿಸ್ತಾರವಾಗಿ ಉಪನ್ಯಾಸ ಮಾಡಿದ್ದು ಬೆಂಗಳೂರಿನಲ್ಲಿ. 1930ರ ನೊಬೆಲ್ ಬಹುಮಾನದ ಸಡಗರವನ್ನು ನಾನು ಇಲ್ಲಿ ಬಣ್ಣಿಸುವುದಿಲ್ಲ. ಅದು ಎಲ್ಲರೂ ಬಲ್ಲದ್ದು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಲ್ಲಿಂದ ಕೊನೆಯವರೆಗೆ, ಮೂವತ್ತೇಳು ವರ್ಷ, ಅವರು ನಮ್ಮ ನಾಡಿನವರೇ. 1934ರಲ್ಲಿ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಮರುವರ್ಷ ನಾಗೇಂದ್ರನಾಥರೊಡನೆ, ದ್ರವದಲ್ಲಿ ಕಿವಿಗೆ ಕೇಳದಷ್ಟು ತಾರವಾದ ಶಬ್ದದ ಅಲೆಗಳನ್ನೆಬ್ಬಿಸಿದರೆ ಬೆಳಕು ಹೇಗೆ ಕವಲೊಡೆಯುತ್ತದೆಂಬುದನ್ನು ವಿವರಿಸಿದರು. ಇಂದಿಗೂ ಅದು ಆ ಇಬ್ಬರ ಹೆಸರಿನಲ್ಲಿದೆ. ಹಿಟ್ಲರನ ಜರ್ಮನಿಯಿಂದ ಹೊರದೂಡಲ್ಪಟ್ಟ ವಿದ್ವಾಂಸರನ್ನು ಬೆಂಗಳೂರಿಗೆ ಕರೆತರುವ ಹಂಬಲವೂ ಅವರಿಗಿತ್ತು. ಹಾಗೆ ಬಂದವರೇ ಮ್ಯಾಕ್ಸ್ ಬಾರ್ನ್. 1935ರಿಂದ 36ರ ವರೆಗೆ ಕೆಲವು ತಿಂಗಳು ಪತ್ನಿಯೊಡನೆ ಇಲ್ಲಿದ್ದರು. ಅವರಿಗೊಂದು ಸ್ಥಿರವಾದ ಪ್ರಾಧ್ಯಾಪಕ ಪದವಿಯನ್ನು ಕೊಡಿಸಲು ರಾಮನ್ನರು ಹೋರಾಡಿದರು. ಸಂಸ್ಥೆಯ ಒಳಗಿನ ವಿರೋಧದಿಂದ ಅದು ಕೈಗೂಡಲಿಲ್ಲ. ಸಭೆಯಲ್ಲಿ ತಮ್ಮ ಮೇಲೆ ಬಿದ್ದ ಕಟುನುಡಿಗಳನ್ನು ಕೇಳಿ, ಮನೆಗೆ ಬಂದು ಅತ್ತುದಾಗಿ ಬಾರ್ನರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಬಾರ್ನರು ಎಡಿನ್‌ಬರೋಗೆ ಹೊರಟುಹೋದರು. ರಾಮನ್ನರು 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಟ್ಟು, ಬರಿಯ ಪ್ರಾಧ್ಯಾಪಕರಾಗಿ ಉಳಿದರು. ಮುಂದೆ ಈ ಇಬ್ಬರೇ ಎದುರುಬದುರಾದರಲ್ಲ ಎಂದು ನೆನೆದಾಗ ಮನಸ್ಸಿಗೆ ಖೇದವಾಗುತ್ತದೆ.

ಜಗಳಕ್ಕೆ ಮೊದಲು ಒಂದು ಸುಂದರವಾದ ಕೆಲಸ ನಡೆಯಿತು. ಬೆಣಚುಕಲ್ಲನ್ನು ಕಾಯಿಸುತ್ತ ಹೋದರೆ ಸುಮಾರು 573 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದರ ಒಳಗಿನ ಅಣುವ್ಯೂಹವು ಥಟ್ಟನೆ ಬೇರೊಂದು ಕ್ರಮಕ್ಕೆ ಬರುತ್ತದೆ. ರಾಮನ್ನರೂ ಅವರ ಶಿಷ್ಯ ನೆಡುಂಗಾಡಿಯವರೂ ಕಾಯುತ್ತಿರುವ ಸ್ಫಟಿಕದ ಮೇಲೆ ಬೆಳಕನ್ನು ಹಾಯಿಸಿ ಅದರ ಸ್ವರಗಳನ್ನು ಅಳೆದರು. ಹೆಚ್ಚಿನ ಸ್ವರಗಳು ಬಿಸಿಯನ್ನು ಅಷ್ಟಾಗಿ ಲಕ್ಷಿಸಲಿಲ್ಲ. ಆದರೆ ಒಂದು ಸ್ವರ ಮಾತ್ರ, ಬದಲಾವಣೆಯ ಗಳಿಗೆ ಹತ್ತಿರವಾದಂತೆ, ಕೆಳಕೆಳಗೆ ಇಳಿಯುತ್ತ, ಹರಡಿಕೊಳ್ಳುತ್ತ, ಮಸುಕಾಗುತ್ತ ಹೋಯಿತು. ವೀಣೆಯ ಬಿರಡೆಯನ್ನು ಮೆಲ್ಲನೆ ಸಡಿಲಿಸಿದರೆ ತಂತಿಯ ಸ್ವರ ಇಳಿಯುತ್ತ ಇಳಿಯುತ್ತ ಕೊನೆಗೆ ತಂತಿಯೇ ಜೋತುಬೀಳುವುದಿಲ್ಲವೇ, ಹಾಗೆ. ಆ ಕಂಪನವು ಅಣುಗಳನ್ನು ಯಾವ ಹಾದಿಯಲ್ಲಿ ಅಲುಗಿಸುತ್ತಿತ್ತೋ ಆ ಹಾದಿಯಲ್ಲಿಯೇ ಅವು ಹೊಸ ನೆಲೆಗೆ ಸರಿಯುತ್ತವೆ. ಹಿಂದಕ್ಕೆ ಎಳೆಯುವ ಬಲ ಸೋತುಹೋಗಿರುತ್ತದೆ. 1940ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಈ ವರದಿ ಬಹಳ ಚಿಕ್ಕದು. ಇಪ್ಪತ್ತು ವರ್ಷಗಳಾದ ಮೇಲೆ, 1960ರ ಸುಮಾರಿಗೆ, ಕಾಕ್ರನ್ ಮತ್ತು ಆ್ಯಂಡರ್ಸನ್ ಎಂಬ ಪಂಡಿತರು ಇಂಥ ಮೃದುವಾಗುವ ಸ್ಪಂದನವನ್ನೇ ಆಧಾರವಾಗಿಟ್ಟುಕೊಂಡು ಸ್ಫಟಿಕಗಳ ರೂಪಾಂತರಕ್ಕೆ ಒಂದು ಸಿದ್ಧಾಂತವನ್ನು ಕಟ್ಟಿದರು.

ಇಷ್ಟು ಕಂಡವರು ಮರುವರ್ಷದಿಂದಲೇ ಎಡವಿದರು. ಸ್ಫಟಿಕದ ಕಂಪನಗಳನ್ನು ಕುರಿತು ಬಾರ್ನರೂ ಕಾರ್ಮನ್ನರೂ 1912ರಲ್ಲಿಯೇ ಒಂದು ಮತವನ್ನು ಹೇಳಿದ್ದರು: ಅಲ್ಲಿಯ ಅಲೆಗಳು ಇಡೀ ಸ್ಫಟಿಕದ ಉದ್ದಗಲಕ್ಕೂ ಹರಿಯುತ್ತವೆ, ಅವುಗಳ ಸ್ವರಗಳು ಬಿಡಿಬಿಡಿಯಾಗಿರದೆ ಒಂದರ ಪಕ್ಕಕ್ಕೊಂದು ಒತ್ತಾಗಿ ಹರಡಿಕೊಂಡಿರುತ್ತವೆ. ರಾಮನ್ನರು ವಜ್ರ ಮೊದಲಾದ ಸ್ಫಟಿಕಗಳ ರೋಹಿತದಲ್ಲಿ ಚೂಪಾದ ಗೆರೆಗಳನ್ನು ಕಂಡಿದ್ದರು. ಕಣ್ಣಿಗೆ ಕಂಡದ್ದೇ ಅವರಿಗೆ ಪ್ರಮಾಣ. ಗೆರೆಗಳು ಚೂಪಾಗಿದ್ದರೆ ಸ್ವರಗಳು ಎಣಿಸುವಷ್ಟೇ ಇರಬೇಕು, ಕಂಪನವು ಕೆಲವೇ ಅಣುಗಳ ಪುಟ್ಟ ಮನೆಯೊಳಗೆ ಮುಗಿಯಬೇಕು ಎಂದು 1941ರಿಂದ ವಾದ ಹೂಡಿದರು. ಬಾರ್ನರು ಎಡಿನ್‌ಬರೋದಿಂದ ಉತ್ತರ ಕೊಟ್ಟರು. ಒತ್ತಾದ ಸ್ವರಗಳಲ್ಲಿಯೂ ಕೆಲವು ಕಡೆ ಜನಸಂದಣಿಯಂತೆ ದಟ್ಟಣೆ ಹೆಚ್ಚು, ಆ ದಟ್ಟಣೆಯೇ ಚೂಪಾದ ಗೆರೆಯಾಗಿ ತೋರುತ್ತದೆ ಎಂಬುದು ಆ ಪಕ್ಷದ ವಿವರಣೆ. ಹೆಲೆನ್ ಸ್ಮಿತ್ ಎಂಬಾಕೆ 1948ರಲ್ಲಿ ವಜ್ರದ ರೋಹಿತವನ್ನು ಬಾರ್ನರ ಮತದಿಂದಲೇ ಲೆಕ್ಕಹಾಕಿ ಹೊಂದಿಸಿ ತೋರಿಸಿದರು. 1950ರ ದಶಕದಲ್ಲಿ ಕೆನಡಾದ ಬ್ರಾಕ್‌ಹೌಸ್‌ರು ನ್ಯೂಟ್ರಾನುಗಳನ್ನು ಸ್ಫಟಿಕದೊಳಕ್ಕೆ ಹಾಯಿಸಿ ಅಲೆಗಳನ್ನು ನೇರವಾಗಿ ಅಳೆದ ಮೇಲೆ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಸೋತವರು ರಾಮನ್ನರು.

ಸೋತದ್ದಕ್ಕಿಂತ, ಸೋತೆನೆಂದು ಒಪ್ಪದೆ ಹೋದದ್ದು ನನ್ನನ್ನು ಹೆಚ್ಚು ಕಾಡುತ್ತದೆ. ಸ್ವಂತ ಸಂಸ್ಥೆಯನ್ನು 1948ರಲ್ಲಿ ಕಟ್ಟಿಕೊಂಡು ಅಲ್ಲಿಗೆ ಹೋದ ಮೇಲೆಯೂ, ಐವತ್ತರ ದಶಕದಲ್ಲಿಯೂ, ತಮ್ಮ ಮತವನ್ನೇ ಲೇಖನದ ಮೇಲೆ ಲೇಖನವಾಗಿ ಪ್ರತಿಪಾದಿಸಿದರು. ತಮ್ಮ ಅಕಾಡೆಮಿಯ ಪತ್ರಿಕೆ ಅವರ ಕೈಯಲ್ಲೇ ಇತ್ತು, ತಡೆಯುವವರು ಯಾರು? ಶಿಷ್ಯರಲ್ಲಿ ಕೆಲವರು ಆ ಹಟದ ನೆರಳಿನಲ್ಲಿ ವರ್ಷಗಳನ್ನು ಕಳೆದರೆಂಬುದನ್ನೂ ಮರೆಮಾಚಬಾರದು. ಮದ್ದಲೆಯ ಇಡೀ ಚರ್ಮ ಒಂದಾಗಿ ನುಡಿಯುವುದನ್ನು ಮರಳಿನಲ್ಲಿ ತೋರಿಸಿಕೊಟ್ಟವರೇ ಸ್ಫಟಿಕದ ನಾದವನ್ನು ಪುಟ್ಟ ಪುಟ್ಟ ಕೋಣೆಗಳಲ್ಲಿ ಕೂಡಿಹಾಕಲು ಹೊರಟರಲ್ಲ! ಕಲ್ಕತ್ತೆಯಲ್ಲಿ ಒಂಟಿಯಾಗಿ ಬಾಗಿಲು ತೆರೆಯಿಸಿದ ಛಲವೇ ಬೆಂಗಳೂರಿನಲ್ಲಿ ಬಾಗಿಲು ಮುಚ್ಚಿಸಿತೇನೋ. ಆ ಒಂದೇ ಸ್ವಭಾವವನ್ನು ಸೀಳಿ, ಒಳ್ಳೆಯದನ್ನು ಇಟ್ಟುಕೊಂಡು ಉಳಿದುದನ್ನು ಬಿಸಾಡುವುದು ನನ್ನಿಂದ ಆಗದು.

ಹಳೇಬೀಡಿನಲ್ಲಿ ನಾನು ಗದರಿದ ಹುಡುಗನು ಮುಂದೆ ಬಹಳ ಓದಿದನು. ಈಗ ದೂರದ ಊರೊಂದರಲ್ಲಿ ಭಾರವಾದ ಪರಮಾಣು ಬೀಜಗಳ ಡಿಕ್ಕಿಯನ್ನು ಕುರಿತು ಲೆಕ್ಕ ಮಾಡುವುದು ಅವನ ಕಸುಬು. ಕೆಲವು ವರ್ಷಗಳ ಹಿಂದೆ ಹಬ್ಬಕ್ಕೆಂದು ಊರಿಗೆ ಬಂದವನು ನಮ್ಮ ಮನೆಯ ಜಗಲಿಗೂ ಬಂದನು. ಹಳೆಯ ಮಾತನ್ನು ಅವನು ಎತ್ತಲಿಲ್ಲ. ಎತ್ತುವ ಧೈರ್ಯ ನನಗಿರಲಿಲ್ಲ. ತನ್ನ ಕೆಲಸವೇನೆಂದು ಕೇಳಿದಾಗ ಅವನು ಬಿಡಿಸಿ ಹೇಳಿದ್ದನ್ನು, ನನಗೆ ದಕ್ಕಿದಷ್ಟು ಇಲ್ಲಿ ಬರೆಯುತ್ತೇನೆ.

ಪ್ರೋಟಾನು ನ್ಯೂಟ್ರಾನುಗಳೊಳಗೆ ಕ್ವಾರ್ಕುಗಳೆಂಬ ಕಣಗಳಿವೆ. ಅವುಗಳನ್ನು ಬೆಸೆಯುವ ಗ್ಲುವಾನುಗಳಿವೆ. ಅವು ಬಿಡಿಯಾಗಿ ಹೊರಗೆ ಬರಲಾರವು. ಆದರೆ ಚಿನ್ನದ ಇಲ್ಲವೆ ಸೀಸದ ಪರಮಾಣು ಬೀಜಗಳನ್ನು ಬೆಳಕಿನದಕ್ಕೆ ಸಮೀಪವಾದ ವೇಗದಿಂದ ಎದುರುಬದುರಾಗಿ ಅಪ್ಪಳಿಸಿದರೆ, ಎರಡು ಲಕ್ಷ ಕೋಟಿ ಡಿಗ್ರಿಯ ಸುಮಾರಿನಲ್ಲಿ ಪ್ರೋಟಾನಿನ ಗೋಡೆ ಕರಗಿ ಅವೆಲ್ಲ ಒಂದೇ ದ್ರವ್ಯವಾಗಿ ಬೆರೆಯುತ್ತವೆ. ಸೂರ್ಯನ ನಡುಗರ್ಭದ ಬಿಸಿಗಿಂತ ಇದು ಲಕ್ಷ ಪಟ್ಟಿಗೂ ಮಿಗಿಲು. ಆ ಹನಿಯ ಆಯುಸ್ಸು, ಬೆಳಕು ಒಂದು ಪರಮಾಣು ಬೀಜವನ್ನು ಹಾದುಹೋಗಲು ಹಿಡಿಯುವಷ್ಟು ಹೊತ್ತು. ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ 2000ದಲ್ಲಿಯೂ, ಜಿನೀವಾದ ಬಳಿಯ ಸೆರ್ನ್‌ನ ದೊಡ್ಡ ಯಂತ್ರದಲ್ಲಿ 2010ರಲ್ಲಿಯೂ ಈ ಪ್ರಯೋಗಗಳು ತೊಡಗಿದುವು; ಎರಡೂ ಕಡೆ ಫೋಟಾನುಗಳನ್ನು ಎಣಿಸುವ ಉಪಕರಣವೊಂದನ್ನು ಕಟ್ಟಿಕೊಟ್ಟವರು ಕಲ್ಕತ್ತೆಯ ಸೈಕ್ಲೋಟ್ರಾನ್ ಕೇಂದ್ರವೇ ಮೊದಲಾದ ನಮ್ಮ ದೇಶದ ತಂಡದವರು. ಕಣಗಳು ಅನಿಲದಂತೆ ತಮ್ಮ ಪಾಡಿಗೆ ತಾವು ಚೆದರಬಹುದೆಂದು ಅನೇಕರ ನಿರೀಕ್ಷೆಯಿತ್ತು. ಕಂಡದ್ದು ದ್ರವ, ಅದೂ ಅತ್ಯಲ್ಪ ಜಿಗುಟಿನ ದ್ರವವೆಂದು 2005ರಲ್ಲಿ ಸಾರಿದರು. ಬೀಜಗಳು ಓರೆಯಾಗಿ ತಾಗಿದಾಗ ಹನಿಗೆ ಬಾದಾಮಿಯ ಆಕಾರ ಬರುತ್ತದೆ; ಒಳಗಿನ ಏರುತಗ್ಗುಗಳಿಂದ ತ್ರಿಕೋಣದ ಛಾಯೆಯೂ ಸೇರುತ್ತದೆ. ಹೊರಬಿದ್ದ ಕಣಗಳು ಯಾವ ದಿಕ್ಕಿಗೆ ಎಷ್ಟು ಹೋದುವೆಂದು ಎಣಿಸಿ, ಎರಡನೆಯ ಸ್ವರವೆಷ್ಟು, ಮೂರನೆಯದೆಷ್ಟು, ನಾಲ್ಕನೆಯದೆಷ್ಟು ಎಂದು ಬಿಡಿಸುತ್ತಾರೆ. ಮೃದಂಗದ ಲೆಕ್ಕವೇ! ಆ ದ್ರವದಲ್ಲಿ ಶಬ್ದದ ವೇಗವು ಬೆಳಕಿನ ವೇಗದ ಸುಮಾರು ಅರ್ಧವೆಂದು ಸೆರ್ನ್‌ನ ಒಂದು ತಂಡ 2024ರಲ್ಲಿ ಪ್ರಕಟಿಸಿತು.

ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ್ದು ಮತ್ತೊಂದು. ಜಪಾನಿನ ಹಾತ್ಸುದಾ ಮತ್ತು ಕುನಿಹಿರೋ ಎಂಬವರು, ಇಂಥ ಡಿಕ್ಕಿಗಳು ನಡೆಯುವುದಕ್ಕೆ ಎಷ್ಟೋ ಮುಂಚೆ, 1985ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟಿದ್ದರಂತೆ. ಕ್ವಾರ್ಕುಗಳ ದ್ರವ್ಯ ಕಾಯುತ್ತ ರೂಪಾಂತರದ ಗಡಿಗೆ ಬಂದಾಗ ಅದರ ಒಂದು ಸಮಷ್ಟಿ ಸ್ಪಂದನ ಮೃದುವಾಗುತ್ತ ಇಳಿಯುತ್ತದೆ. ಗಡಿ ದಾಟಿದ ಮೇಲೆಯೂ, ಎಲ್ಲವೂ ಕರಗಿಹೋಯಿತೆನ್ನುವಷ್ಟರಲ್ಲಿ, ಕ್ವಾರ್ಕುಗಳು ಜೊತೆಗೂಡಿ ಆಡುವ ಆ ಸ್ಪಂದನ ಸ್ವಲ್ಪ ದೂರ ಉಳಿದುಕೊಳ್ಳುತ್ತದೆ. ಮುಂದೆ 2006ರಲ್ಲಿ ಗಣಕಯಂತ್ರಗಳ ಮಹಾಲೆಕ್ಕದಿಂದ, ಸೆರ್ನ್‌ನಲ್ಲಿ ದೊರೆಯುವಂಥ ದ್ರವ್ಯದಲ್ಲಿ ಈ ರೂಪಾಂತರವು ಬೆಣಚುಕಲ್ಲಿನಂತೆ ಥಟ್ಟನೆ ನಡೆಯದೆ ಮೆಲ್ಲಮೆಲ್ಲನೆ ಜರುಗುತ್ತದೆಂದು ತಿಳಿಯಿತು. ಆದ್ದರಿಂದ ಸ್ವರವು ಪೂರ್ತಿ ಜೋತುಬೀಳುವುದಿಲ್ಲ. ಆದರೂ ಮಾತಿನ ತಿರುಳು ಅದೇ. ನನ್ನ ಹಳೆಯ ವಿದ್ಯಾರ್ಥಿಯು ತಾನು ಲೆಕ್ಕಹಾಕುವ ಮೃದು ಸ್ಪಂದನದ ವಂಶಾವಳಿಯನ್ನು ಹೇಳುತ್ತ, ಆ್ಯಂಡರ್ಸನ್ನರಿಂದ ಕಾಕ್ರನ್ನರಿಗೆ, ಅವರಿಂದ ಹಿಂದಕ್ಕೆ ರಾಮನ್ ನೆಡುಂಗಾಡಿಯವರಿಗೆ ಬಂದು ನಿಲ್ಲಿಸಿದನು. ಬಾರ್ನರೊಡನೆ ಸೋತವರನ್ನು ನಾನು ಯಾವ ಸುಳ್ಳಿನಿಂದ ಕಾಪಾಡಲು ಹೊರಟಿದ್ದೆನೋ, ಅವರನ್ನು ಅವನು ನಿಜದಿಂದಲೇ ನನ್ನ ಮುಂದೆ ನಿಲ್ಲಿಸಿ, ಕಾಫಿಯ ಲೋಟವನ್ನು ಕೆಳಗಿಟ್ಟು, ರೈಲಿಗೆ ಹೊತ್ತಾಯಿತೆಂದು ಎದ್ದನು. ಸ್ಟೇಷನ್ನಿನವರೆಗೂ ಜೊತೆಗೆ ನಡೆದೆ. ಆ ದಿನ ಗದರಿದ್ದು ತಪ್ಪೆಂದು ಪ್ಲಾಟ್‌ಫಾರಮ್ಮಿನ ಮೇಲೆ ಹೇಳಿದೆ. ಅವನು ನಕ್ಕು ನನ್ನ ಕೈ ಹಿಡಿದುಕೊಂಡನು.

ರಾಮನ್ನರ ಕೊನೆಯ ವರ್ಷಗಳು ಹೂವಿನ ಬಣ್ಣಗಳ ಅಭ್ಯಾಸದಲ್ಲಿ, ತಮ್ಮ ಸಂಸ್ಥೆಯ ತೋಟದಲ್ಲಿ, ಒಂದು ಬಗೆಯ ಏಕಾಂತದಲ್ಲಿ ಕಳೆದುವು. 1954ರಲ್ಲಿ ಭಾರತರತ್ನ ಬಂದಿತು. 1968ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವನ್ನು ತಾವಾಗಿಯೇ ಬಿಟ್ಟುಕೊಟ್ಟರು. ಗಾಂಧೀಜಯಂತಿಯಂದು ಸಂಸ್ಥೆಯಲ್ಲಿ ಉಪನ್ಯಾಸ ಮಾಡುವುದು ಅವರ ಪದ್ಧತಿ. 1970ರಲ್ಲಿ, ಎಂಬತ್ತೆರಡರ ಹೊಸ್ತಿಲಲ್ಲಿ, ಅವರು ಆರಿಸಿಕೊಂಡ ವಿಷಯ ಶ್ರವಣ; ನಮ್ಮ ಕಿವಿಯ ತಮಟೆಯು ನಾದವನ್ನು ಹೇಗೆ ಹಿಡಿಯುತ್ತದೆಂಬುದು. ಅದೇ ಕಡೆಯ ಉಪನ್ಯಾಸವಾಯಿತು. ನವೆಂಬರ್ 21ರ ಬೆಳಗ್ಗೆ ತೀರಿಕೊಂಡರು. ತೋಟದಲ್ಲಿಯೇ ದಹನವಾಯಿತು. ಸಮಾಧಿಯಿಲ್ಲ, ಆ ಜಾಗದಲ್ಲಿ ಒಂದು ಮರವನ್ನು ನೆಟ್ಟಿದ್ದಾರೆ.

ಬರುವ ಫೆಬ್ರವರಿ 28ರಂದು ರಾಮನ್ನರ ವಿಷಯ ಮಾತನಾಡಬೇಕೆಂದು ಊರಿನ ಮಕ್ಕಳು ಕರೆದಿದ್ದಾರೆ. ದೇವಸ್ಥಾನದ ಭಜನೆಯವರಿಂದ ಒಂದು ಮೃದಂಗವನ್ನು ಕೇಳಿಟ್ಟಿದ್ದೇನೆ. ಜರಡಿ ಹಿಡಿದ ಮರಳು ಡಬ್ಬಿಯಲ್ಲಿದೆ. ಹಳೆಯ ಟಿಪ್ಪಣಿಯ ಪುಸ್ತಕದಲ್ಲಿ ಬೆಣಚುಕಲ್ಲ ಪುಟದ ಮುಂದೆ ಖಾಲಿ ಬಿಟ್ಟಿದ್ದ ಹಾಳೆಯ ಮೇಲೆ ಬಾರ್ನರ ಹೆಸರನ್ನು ಬರೆದುಕೊಂಡಿದ್ದೇನೆ.